ಗಂಟಲು ತೊಳೆದ ಭಾನುವಾರ

ನಮ್ಮ ಭಾಷೆಯಲ್ಲಿ ನಂಟಸ್ತಿಕೆಗೆ ಪದಗಳ ಬರವಿಲ್ಲ. ಅತ್ತೆ, ಸೋದರತ್ತೆ, ಓರಗಿತ್ತಿ, ನಾದಿನಿ, ಷಡ್ಡಕ, ಬೀಗಿತ್ತಿ ಎಂದು ಯಾರು ಯಾರ ಮೇಲೆ ಮುನಿಸಿಕೊಳ್ಳಬಹುದು ಎನ್ನುವುದಕ್ಕೆಲ್ಲ ಒಂದೊಂದು ಹೆಸರಿದೆ. ಆದರೆ ಗಂಡನ ತೀರಿಹೋದ ಮೊದಲ ಹೆಂಡತಿಯ ತಾಯಿಗೆ ಏನನ್ನಬೇಕು ಎಂದು ಹಿರಿಯರು ಯೋಚಿಸಿಯೇ ಇಲ್ಲ. ಅಂಥ ಇಬ್ಬರು ಒಂದೇ ಸೂರಿನಡಿ ಉಳಿಯಲಾರರು ಎಂದು ಅವರು ಅಂದಾಜು ಮಾಡಿದ್ದಿರಬೇಕು.

ಈ ಮನೆಯಲ್ಲಿ ಉಳಿದಿದ್ದರು. ಎರಡು ದೊಡ್ಡ ಕಟ್ಟಡಗಳ ನಡುವೆ, ದಪ್ಪ ಪುಸ್ತಕಗಳ ಮಧ್ಯೆ ಸಿಕ್ಕಿಕೊಂಡ ತೆಳ್ಳನೆಯ ಪುಸ್ತಕದಂತೆ ನಿಂತ ಮೂರು ಅಂತಸ್ತಿನ ಮನೆ. ತೀರಾ ಮೇಲಿನ ಕೋಣೆಯಲ್ಲಿ ಅಜ್ಜಿ. ನಡು ಅಂತಸ್ತಿನಲ್ಲಿ ಅವರ ಅಳಿಯ, ಕನ್ನಡಕದ ಅಂಗಡಿಯವನು, ಮತ್ತು ನಾಲ್ಕು ತಿಂಗಳ ಹಿಂದೆ ಅವನನ್ನು ಮದುವೆಯಾಗಿ ಬಂದ ಎರಡನೆಯ ಹೆಂಡತಿ. ಕೆಳಗೆ ಅಡುಗೆಮನೆ, ಅದರ ಹಿಂದೆ ಬಟ್ಟೆ ಒಗೆಯುವ ಕೋಣೆ. ಮೂರನ್ನೂ ಪೋಣಿಸಿದಂತೆ ಗೋಡೆಯೊಳಗೆ ಒಂದು ತಗಡಿನ ಕೊಳವೆ. ಮೇಲೊಂದು ಪುಟ್ಟ ಬಾಗಿಲು, ನಡುವೆ ಒಂದು; ಕೊಳೆಬಟ್ಟೆ ಒಳಗೆ ಹಾಕಿದರೆ ಒಗೆಯುವ ಕೋಣೆಯ ಬೆತ್ತದ ಬುಟ್ಟಿಗೆ ಬಂದು ಬೀಳುತ್ತದೆ. ಮನೆಯವರು ಅದನ್ನು ಗಂಟಲು ಎನ್ನುತ್ತಿದ್ದರು.

ಗಂಟಲನ್ನು ಮಾಡಿದವರು ಅಜ್ಜಿಯ ಗಂಡ. ದೊಡ್ಡ ದೊಡ್ಡ ಕಟ್ಟಡಗಳಿಗೆ ಗಾಳಿಕೊಳವೆ ಕೂರಿಸುತ್ತಿದ್ದ ತಗಡಿನ ಕೆಲಸದವರು. ಮಗಳು ಮದುವೆಯಾಗಿ ಈ ಮನೆಗೆ ಬಂದಾಗ, "ನನ್ನ ಮಗಳು ಮೆಟ್ಟಿಲ ಮೇಲೆ ಬಟ್ಟೆಗಂಟು ಹೊರಬಾರದು" ಎಂದು ತಾವೇ ನಿಂತು ಕೂರಿಸಿಕೊಟ್ಟಿದ್ದರು. ಮೇಲಿನ ತಗಡು ಕೆಳಗಿನ ತಗಡಿನ ಒಳಕ್ಕೆ ಇಳಿಯುವ ಹಾಗೆ ಬೆಸುಗೆ. ಒಂದು ಮೊಳೆಯ ತುದಿಯೂ ಒಳಗೆ ಇಣುಕುವುದಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದು ಅಂಗಿಯ ಗುಂಡಿಯೂ ಸಿಕ್ಕಿಕೊಂಡಿರಲಿಲ್ಲ. ಅವರು ತೀರಿಕೊಂಡರು. ಎರಡು ವರ್ಷದ ಹಿಂದೆ ಮಗಳೂ ತೀರಿಕೊಂಡಳು. "ಅಮ್ಮನ್ನ ಎಲ್ಲಿಗೂ ಕಳಿಸಬೇಡಿ" ಎಂದು ಆಕೆ ಗಂಡನಿಂದ ಮಾತು ತೆಗೆದುಕೊಂಡೇ ಹೋದಳು.

ಮಾತು ಕೊಟ್ಟವನು ಅಳಿಯ. ಅಜ್ಜಿ ಯಾರಿಗೂ ಮಾತು ಕೊಟ್ಟಿರಲಿಲ್ಲ.

"ನನ್ನ ತಮ್ಮನ ಮಗ ಕರೀತಾನೇ ಇದಾನೆ," ಎಂದು ಅವರು ಹೊಸ ಹೆಂಡತಿ ಮನೆಗೆ ಬಂದ ದಿನವೇ ಹೇಳಿದ್ದರು. "ಮಗಳಿದ್ದ ಮನೆ ಅಂತ ಇದ್ದೆ. ಒಂದು ತಿಂಗಳು ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಪೆಟ್ಟಿಗೆ ಇಲ್ಲೇ ಇದೆ." ಪೆಟ್ಟಿಗೆ ನಿಜಕ್ಕೂ ಬಾಗಿಲ ಪಕ್ಕದಲ್ಲೇ ಇತ್ತು, ತುಂಬಿಯೇ ಇತ್ತು. ಹೋಗಿಬರುವವರ ಕಾಲಿಗೆ ತಗಲುವ ಜಾಗದಲ್ಲಿ ಅದನ್ನು ಇಟ್ಟದ್ದರಲ್ಲಿ ಒಂದು ಲೆಕ್ಕಾಚಾರವೂ ಇತ್ತು.

ಹೊಸ ಹೆಂಡತಿ ಹದಿನಾಲ್ಕು ವರ್ಷ ಆಸ್ಪತ್ರೆಯ ಲಾಂಡ್ರಿಯಲ್ಲಿ ಇದ್ದವಳು, ಈಗ ಅಲ್ಲಿ ಮೇಲ್ವಿಚಾರಕಿ. ಬೆಳಗಿನ ಪಾಳಿ ಮುಗಿಸಿ ಒಂದೂವರೆಗೆ ಮನೆಗೆ ಬರುತ್ತಿದ್ದಳು. ಯಾವ ಕಲೆ ತಣ್ಣೀರಿಗೆ ಹೋಗುತ್ತದೆ, ಯಾವುದಕ್ಕೆ ಕುದಿನೀರೇ ಬೇಕು, ಬಿಳಿ ಹಾಸಿಗೆಬಟ್ಟೆಯ ಮೇಲೆ ಕಾಣದ ಕೊಳೆ ಎಲ್ಲಿ ಕೂತಿರುತ್ತದೆ ಎಂದು ಮೂಸಿಯೇ ಹೇಳುವವಳು. ಅಷ್ಟು ವರ್ಷ ಆಸ್ಪತ್ರೆಯ ಹಿಂದಿನ ಒಂಟಿ ಕೋಣೆಯಲ್ಲಿ ಒಬ್ಬಳೇ ಬೇಯಿಸಿ ಒಬ್ಬಳೇ ಉಂಡವಳಿಗೆ ನಲವತ್ತೆರಡನೆಯ ವಯಸ್ಸಿಗೆ ಮನೆ ಸಿಕ್ಕಿತ್ತು, ಮನೆಯಲ್ಲಿ ಮೂರು ಜನ ಇದ್ದರು. ಮೂರು ಎರಡಾಗುವುದು ಅವಳಿಗೆ ಬೇಡವಾಗಿತ್ತು. ತನ್ನ ಕಾಲ್ಗುಣಕ್ಕೆ ಮುದುಕಿ ಮನೆ ಬಿಟ್ಟಿತು ಎಂದು ಬೀದಿಯವರು ಆಡಿಕೊಳ್ಳುವುದಂತೂ ಬೇಡವೇ ಬೇಡ. ಅಜ್ಜಿಯನ್ನು ಅವಳು "ಅಮ್ಮ" ಎಂದು ಕರೆದಳು. ಅಜ್ಜಿ ಅವಳನ್ನು "ಆಸ್ಪತ್ರೆ" ಎಂದು ಕರೆದರು.

"ಏನೇ ಆಸ್ಪತ್ರೆ, ಇವತ್ತು ಎಷ್ಟು ಹೆಣದ ಬಟ್ಟೆ ಒಗೆದೆ?"

"ಹೆಣದ್ದು ನಮಗೆ ಬರಲ್ಲಮ್ಮ, ಅದು ಬೇರೆ ಕಡೆ."

"ಹಾಗಾದ್ರೆ ನಿನ್ನ ಕೈಗೆ ಬರೋದೆಲ್ಲ ಇನ್ನೂ ಬದುಕಿರೋರದ್ದೇ ಅನ್ನು. ಅದೃಷ್ಟ ಮಾಡಿದೀಯ."

ಬಂದ ಎರಡನೆಯ ವಾರದ ಒಂದು ಮಧ್ಯಾಹ್ನ, ಮೂರು ಗಂಟೆ. ಬೀದಿಯೆಲ್ಲ ತೂಕಡಿಸುವ ಹೊತ್ತು. ಅವಳು ಒಗೆಯುವ ಕೋಣೆಯಲ್ಲಿ ಬಿಳಿ ಬೇರೆ, ಬಣ್ಣ ಬೇರೆ ಮಾಡುತ್ತ ಕೂತಿದ್ದಾಗ ಬುಟ್ಟಿಯ ಮೇಲಿನ ಕತ್ತಲೆಯಿಂದ ಯಾರೋ ಕೇಳಿದರು:

"ಊಟ ಆಯ್ತಾ?"

ಗಂಡಸಿನದಲ್ಲ, ಹೆಂಗಸಿನದಲ್ಲ, ವಯಸ್ಸೇ ಇಲ್ಲದ ಧ್ವನಿ. ಬಾಯಿಗೆ ಹತ್ತಿ ತುರುಕಿಕೊಂಡು ಮಾತಾಡಿದ ಹಾಗೆ. ಅವಳ ಕೈಯಲ್ಲಿದ್ದ ದಿಂಬಿನ ಚೀಲ ಕೈಯಲ್ಲೇ ಉಳಿಯಿತು. ಅವಳು ಶವಾಗಾರದ ಗೋಡೆಗೆ ಅಂಟಿದ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದವಳು. ಅಲ್ಲಿ ಯಾರೂ ಊಟ ಆಯ್ತಾ ಎಂದು ಕೇಳಿದ್ದಿಲ್ಲ. ಆದರೆ ಹೀಗೆ ಕೇಳಿದರೆ ಬಾಯಿ ತನ್ನಷ್ಟಕ್ಕೇ ಉತ್ತರ ಕೊಡುತ್ತದೆ. ಬುದ್ಧಿ ಆಮೇಲೆ ಬರುತ್ತದೆ.

"ಆಯ್ತು," ಎಂದಳು. ಎಂದವಳೇ ಅಡುಗೆಮನೆಗೆ ಓಡಿ ಬೇಕಿಲ್ಲದಿದ್ದರೂ ಒಲೆ ಹಚ್ಚಿದಳು.

ಸಂಜೆ ಗಂಡನಿಗೆ ಹೇಳಿದಳು.

"ಗಾಳಿ," ಎಂದ ಅವನು, ಕನ್ನಡಕ ಒರೆಸುತ್ತ.

"ಗಾಳಿ ಊಟ ಆಯ್ತಾ ಅಂತ ಕೇಳತ್ತಾ?"

ಅವನು ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಊರಿನವರ ಕಣ್ಣು ಪರೀಕ್ಷೆ ಮಾಡುವವನು ಮನೆಯೊಳಗೆ ಮಾತ್ರ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಅವಳಿಗೆ ಆಗ ಒಂದು ವಿಷಯ ಹೊಳೆಯಿತು: ಈ ಮನುಷ್ಯ ತನ್ನ ಕೊಳೆಬಟ್ಟೆಯನ್ನು ಗಂಟಲಿಗೆ ಹಾಕಿದ್ದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ದಿನಾ ಬೆಳಗ್ಗೆ ಅಂಗಿ ಬನಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಕಳ್ಳನ ಹಾಗೆ, ಮೆಟ್ಟಿಲಿಳಿದು ಹೋಗಿ ಬುಟ್ಟಿಗೆ ಹಾಕಿ ಬರುತ್ತಿದ್ದ.

"ನೀವು ಯಾಕೆ ಗಂಟಲಿಗೆ ಹಾಕಲ್ಲ?"

"ಅವಳು ಕೆಳಗೆ ಇರ್ತಿದ್ಲು," ಎಂದ ಅವನು, ಮೊದಲ ಹೆಂಡತಿಯ ಮಾತೆತ್ತಿ. "ಬಟ್ಟೆ ಬಿತ್ತು ಅಂದ್ರೆ ಕೆಳಗಿಂದ ಹೂಂ ಅನ್ನೋಳು. ಅವಳು ಎಲ್ಲದಕ್ಕೂ ಹೂಂ ಒಂದೇ. ಅದೂ ತಕ್ಷಣ ಅಲ್ಲ, ಹತ್ತು ಎಣಿಸೋ ಹೊತ್ತಾದ ಮೇಲೆ. ಮದುವೆಗೆ ಒಪ್ಪಿಗೇನಾ ಅಂತ ಕೇಳ್ದಾಗ್ಲೂ ಅಷ್ಟೇ, ನಾನು ಇನ್ನೇನು ಎದ್ದು ಹೋಗ್ಬೇಕು, ಆಗ ಹೂಂ ಅಂದ್ಲು." ಕನ್ನಡಕ ಹಾಕಿಕೊಂಡ. "ಈಗ ಬಟ್ಟೆ ಹಾಕಿ ಸುಮ್ನೆ ನಿಲ್ಲೋಕೆ ನಂಗಾಗಲ್ಲ."

ಸುಮ್ಮನೆ ನಿಲ್ಲಲು ಆಗುವುದಿಲ್ಲವೋ, ಕೆಳಗಿನಿಂದ ಹೂಂ ಬಂದೇಬಿಟ್ಟರೆ ನಿಲ್ಲಲು ಆಗುವುದಿಲ್ಲವೋ, ಅವಳು ಕೇಳಲಿಲ್ಲ.

ಮೂರನೆಯ ದಿನ ಗುಟ್ಟು ತಿಳಿಯಿತು. ಮಾತ್ರೆಗೆ ನೀರು ಕೊಡಲು ಮೇಲೆ ಹೋದಾಗ ಅಜ್ಜಿಯ ಬಾಗಿಲು ಅರೆತೆರೆದಿತ್ತು. ಅಜ್ಜಿ ಸ್ಟೂಲಿನ ಮೇಲೆ ಕೂತು, ಗಂಟಲಿನ ಪುಟ್ಟ ಬಾಗಿಲು ತೆಗೆದು, ತಲೆಯನ್ನು ಕುತ್ತಿಗೆಯವರೆಗೂ ಒಳಗೆ ತೂರಿಸಿಕೊಂಡು ಕೇಳುತ್ತಿದ್ದರು: "ಊಟ ಆಯ್ತಾ?" ಮಗಳಿದ್ದಾಗ ದಿನಾ ಅದೇ ಹೊತ್ತಿಗೆ ಕೇಳುತ್ತಿದ್ದರಂತೆ, ಒಗೆಯುವುದು ಮುಗಿಸದೆ ಆ ಮಗಳು ಊಟಕ್ಕೆ ಕೂರುತ್ತಿರಲಿಲ್ಲವಂತೆ. ಹೊಸ ಹೆಂಡತಿ ಇನ್ನೊಂದನ್ನೂ ನೋಡಿದಳು. ಬಾಗಿಲ ಪಕ್ಕದ ಪೆಟ್ಟಿಗೆ ಅಲ್ಲಿರಲಿಲ್ಲ. ಬಟ್ಟೆಯೆಲ್ಲ ಕಪಾಟಿಗೆ ಸೇರಿತ್ತು, ಖಾಲಿ ಪೆಟ್ಟಿಗೆ ಕಪಾಟಿನ ನೆತ್ತಿಗೇರಿತ್ತು.

ನೀರಿನ ಲೋಟವನ್ನು ಮೆಟ್ಟಿಲ ಮೇಲೇ ಇಟ್ಟು ಅವಳು ಬರಿಗಾಲಲ್ಲಿ ಎರಡೆರಡು ಮೆಟ್ಟಿಲು ಇಳಿದಳು. ಬುಟ್ಟಿಯ ಹತ್ತಿರ ನಿಂತು, ಏದುಸಿರು ಅಡಗಿಸಿಕೊಂಡು, "ಆಯ್ತು" ಎಂದಳು.

ಅಂದಿನಿಂದ ದಿನಾ ಮಧ್ಯಾಹ್ನ ಮೂರಕ್ಕೆ ಅವಳು ಸತ್ತವಳ ಕೆಲಸ ಮಾಡಿದಳು. ಆಕೆ ಆಯ್ತು ಎನ್ನುತ್ತಿರಲಿಲ್ಲ, ಹೂಂ ಎನ್ನುತ್ತಿದ್ದಳು ಎಂಬುದು ಗೊತ್ತಿತ್ತು. ಆದರೆ ಮೊದಲ ದಿನ ಆಯ್ತು ಎಂದಾಗಿಹೋಗಿದೆ, ಈಗ ಬದಲಾಯಿಸಿದರೆ ಅನುಮಾನ ಬರುತ್ತದೆ. ಸುಳ್ಳಿಗೂ ಒಂದು ಶಿಸ್ತು ಬೇಡವೇ. ಅಜ್ಜಿಗೆ ಮೋಸ ಮಾಡುತ್ತಿದ್ದೇನೆ ಎಂದು ಒಂದು ಮನಸ್ಸು ಚುಚ್ಚುತ್ತಿತ್ತು. ಅಜ್ಜಿ ಉಳಿದರಲ್ಲ ಎಂದು ಇನ್ನೊಂದು ಸಮಾಧಾನ ಹೇಳುತ್ತಿತ್ತು. ಮೂರನೆಯ ಮನಸ್ಸೊಂದಿತ್ತು, ಅದನ್ನು ಅವಳು ತನಗೇ ಹೇಳಿಕೊಂಡಿರಲಿಲ್ಲ: ಪ್ರಶ್ನೆ ಯಾರಿಗಾದರೂ ಇರಲಿ, ಊಟ ಆಯ್ತಾ ಎಂದು ಯಾರಾದರೂ ಅವಳನ್ನು ಕೇಳಿ ಬಹಳ ವರ್ಷವಾಗಿತ್ತು. ಉತ್ತರ ಕೊಟ್ಟು ಒಗೆಯುವ ಕೋಣೆಯ ಬಾಗಿಲು ಮುಚ್ಚಿ ಅವಳು ಅಡುಗೆಮನೆಗೆ ಹೋಗುತ್ತಿದ್ದಳು. ಹಿಂದಿನಿಂದ ಯಾವಾಗಲಾದರೂ ಬೆತ್ತ ಕಿರ್ ಎಂದರೆ ತಿರುಗಿ ನೋಡುತ್ತಿರಲಿಲ್ಲ. ಬೆತ್ತಕ್ಕೆ ವಯಸ್ಸಾಗಿದೆ ಎಂದುಕೊಳ್ಳುತ್ತಿದ್ದಳು.

ಹೀಗೆ ಮೂರು ತಿಂಗಳು. ಆಮೇಲೆ ಅಜ್ಜಿಗೆ ಕೆಮ್ಮು ಶುರುವಾಯಿತು.

ಮೊದಲು ಬೆಳಗ್ಗೆ ಮಾತ್ರ, ಆಮೇಲೆ ಸಂಜೆಯೂ, ಆಮೇಲೆ ಮಾತಿನ ಮಧ್ಯೆ ಮಧ್ಯೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, "ಮನೇಲಿ ಎಲ್ಲಾದ್ರೂ ಬೂಷ್ಟು ಹಿಡಿದಿದೆಯಾ?" ಎಂದರು. ಎಲ್ಲೂ ಇಲ್ಲ ಎಂದ ಅಳಿಯ. ಇದೆ ಎಂದಳು ಹೆಂಡತಿ. "ಇದ್ರೆ ಮೊದಲು ಅದನ್ನ ತೆಗೀರಿ. ಇಲ್ಲಾಂದ್ರೆ ಇವರನ್ನ ಬೇರೆ ಕಡೆ ಇರಿಸಿ," ಎಂದರು ಡಾಕ್ಟರು.

ಬೇರೆ ಕಡೆ ಎಂದರೆ ತಮ್ಮನ ಮಗನ ಮನೆ. ಅವನು ಈಗಲೂ ಕರೆಯುತ್ತಲೇ ಇದ್ದ.

ಟಾರ್ಚು ಹಿಡಿದು ಮೇಲಿನ ಬಾಗಿಲಿನಿಂದ ಇಣುಕಿದರೆ ಗಂಟಲಿನ ಗೋಡೆ ತಗಡಿನ ಹಾಗೆ ಕಾಣುತ್ತಲೇ ಇರಲಿಲ್ಲ. ಎರಡು ವರ್ಷದ ನೂಲುದೂಳು ಬೂದುಬಣ್ಣದ ಕಂಬಳಿಯಾಗಿ ಅಂಟಿತ್ತು, ಅದರ ಮೇಲೆ ಕರಿಯ ಚುಕ್ಕೆ ಚುಕ್ಕೆ. ಮುಗ್ಗಲು ವಾಸನೆ ಮುಖಕ್ಕೇ ಬಡಿಯಿತು. ಇದರೊಳಗೆ ಆ ಜೀವ ದಿನಾ ತಲೆಯಿಟ್ಟು ಉಸಿರೆಳೆದುಕೊಳ್ಳುತ್ತಿತ್ತು.

"ಅಮ್ಮ, ನೀವು ಒದ್ದೆ ಟವೆಲ್ ಹಾಕ್ತೀರಾ ಇದಕ್ಕೆ?"

"ಮತ್ತೆ ಒಣಗಿದ್ದನ್ನ ಯಾಕೆ ಒಗೆಯೋಕೆ ಹಾಕ್ಬೇಕು?"

"ಒದ್ದೆ ಹಾಕಿದ್ರೆ ಬೂಷ್ಟು ಬರತ್ತಮ್ಮ. ಸ್ವಲ್ಪ ಆರಿಸಿ ಹಾಕ್ಬೇಕು. ತಿಂಗಳಿಗೊಂದು ಸಲ ಒಳಗೆ ತೊಳೀಬೇಕು."

"ತೊಳೀತಿದ್ವಲ್ಲ. ಪ್ರತಿ ತಿಂಗಳು, ಮೊದಲನೇ ಭಾನುವಾರ. ನಾನು ಮೇಲೆ, ಅವಳು ಕೆಳಗೆ." ಅಜ್ಜಿ ಕೆಮ್ಮಿ ಸುಧಾರಿಸಿಕೊಂಡರು. "ಒಗೆಯೋ ಕೋಣೇಲಿ ಮೊಳೆಗೆ ಚೆಂಡು ತೂಗಾಕಿದೆ ನೋಡು. ಮೇಲಿನವರು ಹಗ್ಗ ಹಿಡ್ಕೊಂಡು ಇಳಿಸ್ಬೇಕು, ಕೆಳಗಿನವರು ಎಳ್ಕೋಬೇಕು. ಕೆಳಗಿನವರು ಹೂಂ ಅನ್ನೋವರೆಗೂ ಮೇಲಿನವರು ಹಗ್ಗ ಬಿಡಬಾರದು. ಒಳಗೆ ಕಲ್ಲಿದೆ, ಬಿಟ್ರೆ ತಲೆ ಒಡೆಯತ್ತೆ."

ಚೆಂಡು ಎಂದರೆ ದಿಂಬಿನ ಚೀಲದೊಳಗೆ ಹಳೆಬಟ್ಟೆ, ಬಟ್ಟೆಯೊಳಗೆ ತೂಕಕ್ಕೊಂದು ಗುಂಡುಕಲ್ಲು, ಮೇಲೊಂದು ಹಗ್ಗ, ಕೆಳಗೊಂದು ಹಗ್ಗ. ಹೊಲಿಗೆ ಒಂದೇ ಸಮ, ಒತ್ತೊತ್ತಾಗಿ, ಅವಸರವಿಲ್ಲದವಳ ಹೊಲಿಗೆ. ಎರಡು ವರ್ಷ ಮೊಳೆಗೆ ತೂಗಿದ್ದ ಅದು ಕೈಗೆತ್ತಿಕೊಂಡಾಗ ಮಗುವಿನ ತಲೆಯಷ್ಟು ಭಾರವಿತ್ತು.

ಭಾನುವಾರ ಬೆಳಗ್ಗೆ ಅಜ್ಜಿಯನ್ನು ಬೀದಿಬಾಗಿಲ ಹೊರಗೆ ಕುರ್ಚಿ ಹಾಕಿ, ಕಂಬಳಿ ಹೊದಿಸಿ ಕೂರಿಸಿದರು. ಗಂಡ ಕೆಳಗೆ, ಅವಳು ಮೇಲೆ. ಮೂಗು ಬಾಯಿಗೆ ಬಟ್ಟೆ, ಕೈಗೆ ರಬ್ಬರಿನ ಕೈಗವಸು.

"ಬ್ಲೀಚು, ವಿನಿಗರು ಎರಡೂ ತಂದಿದೀನಿ, ಯಾವ್ದನ್ನ ಹಾಕ್ಲಿ? ಎರಡನ್ನೂ ಸೇರಿಸಿದ್ರೆ ಇನ್ನೂ ಜೋರಾಗಿರತ್ತಾ?" ಕೆಳಗಿನಿಂದ ಅವನ ಪ್ರಶ್ನೆ ಹತ್ತಿ ತುರುಕಿದ ಧ್ವನಿಯಲ್ಲಿ ಬಂತು.

"ಸೇರಿಸಿದ್ರೆ ವಿಷದ ಗಾಳಿ ಏಳತ್ತೆ, ನಿಮ್ಮನ್ನೇ ಆಸ್ಪತ್ರೆಗೆ ಸೇರಿಸ್ಬೇಕಾಗತ್ತೆ! ವಿನಿಗರನ್ನ ಮನೆ ಹೊರಗಿಡಿ. ಮೊದಲು ಸೋಡಾಪುಡಿ ಬಿಸಿನೀರು. ಆಮೇಲೆ ಬರೀ ನೀರು. ಕೊನೇಲಿ ಬ್ಲೀಚು ತೆಳುವಾಗಿ, ಅದನ್ನೂ ತೊಳೆದು ಒಣಗಿಸ್ಬೇಕು."

"ಆಯ್ತು ಮೇಡಂ."

ದೂಳು ಹಾರದಂತೆ ಮೊದಲು ಒದ್ದೆ ಮಾಡಿಕೊಂಡು, ಮೇಲಿನಿಂದ ನಡು ಬಾಗಿಲಿನವರೆಗೆ ಎಂದು ಅರ್ಧವನ್ನೇ ಮೊದಲು ಹಿಡಿದಳು. ಚೆಂಡು ಇಳಿಯಿತು, ಏರಿತು, ಮತ್ತೆ ಇಳಿಯಿತು. ಬೂದು ಕಂಬಳಿ ಸುರುಳಿ ಸುರುಳಿಯಾಗಿ ಕಿತ್ತುಕೊಂಡು ಬಂತು. ಅದರಲ್ಲಿ ಎಲ್ಲರ ಬಟ್ಟೆಯ ನೂಲೂ ಇತ್ತು. ಅಜ್ಜಿಯ ಕಂದು, ಗಂಡನ ನೀಲಿ, ತೀರಾ ಒಳಪದರದಲ್ಲಿ ಈ ಮನೆಯಲ್ಲೀಗ ಯಾರೂ ಉಡದ ಒಂದು ಹಸಿರು. ಹಸಿರು ನೂಲನ್ನು ಅವಳು ಎಲ್ಲದರ ಜೊತೆಗೇ ಚೀಲಕ್ಕೆ ಹಾಕಿದಳು. ಒಂದು ಕ್ಷಣ ಕೈ ತಡೆಯಿತು, ಅಷ್ಟೇ.

ಉದುರಿದ ಕೊಳೆಯನ್ನು ಕೆಳಕ್ಕೆ ತಳ್ಳಲೆಂದು ನಾಲ್ಕನೆಯ ಸಲ ಚೆಂಡನ್ನು ತೀರಾ ಕೆಳಗಿನವರೆಗೂ ಇಳಿಸುತ್ತಿದ್ದಾಗ "ಹೂಂ" ಎಂದಿತು. ಅವಳು ಹಗ್ಗ ಸಡಿಲ ಬಿಟ್ಟಳು.

"ಅಯ್ಯೋ! ಬಿಡಬೇಡ, ಇನ್ನೂ ಬಂದಿಲ್ಲ!" ಎಂದು ಕೆಳಗಿನಿಂದ ಗಂಡ ಕೂಗಿದ, ದಬ್ ಎಂದು ಕಲ್ಲು ಬುಟ್ಟಿಗೆ ಬಿದ್ದ ಸದ್ದು.

ಅವಳು ಓಡಿಬಂದಳು. ಅವನು ಗೋಡೆಗೆ ಒರಗಿ ನಿಂತಿದ್ದ. ಬುಟ್ಟಿಯ ತಳ ಒಂದು ಕಡೆ ಸೀಳಿತ್ತು.

"ಹೂಂ ಅಂದ್ರಲ್ಲ ನೀವು?"

"ನಾನಾ? ಅಷ್ಟೂ ಸಲ ನಾನು ಬಂತು, ಬಂತು ಅಂತಿದೀನಿ. ಆ ಪದ ನನ್ನ ಬಾಯಲ್ಲಿ ಬರಲ್ಲ ಅಂತ ನಿಂಗೆ ಗೊತ್ತಿಲ್ವಾ?"

ಇಬ್ಬರೂ ಬುಟ್ಟಿಯನ್ನು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಲಿಲ್ಲ.

"ನಿಮ್ಮ ಉಸಿರು ಇರಬೇಕು," ಎಂದಳು ಅವಳು.

"ಇರಬೇಕು," ಎಂದ ಅವನು. ಗಂಡಹೆಂಡತಿ ಪೂರ್ತಿ ಒಪ್ಪಿಕೊಂಡ ಮೊದಲ ಮಾತು ಅದು.

ನಡು ಬಾಗಿಲಿಗೆ ಬಂದು, ತೊಳೆದದ್ದು ಒಣಗಿತೇ ಎಂದು ಅವಳು ತಗಡಿನ ಮೇಲ್ಭಾಗಕ್ಕೆ ಬೆರಳಿನಿಂದ ಬಡಿದಳು. ಣಣ್ ಎಂದಿತು, ಗಂಟೆಯ ಹಾಗೆ. ಕೆಳಭಾಗಕ್ಕೆ ಬಡಿದಳು. ದಬ್. ಒದ್ದೆ ಗೋಡೆಗೆ ಬಡಿದ ಹಾಗೆ. ಮತ್ತೆ ಮೇಲೆ: ಣಣ್.

ಅವಳಿಗೆ ಅರ್ಥವಾಯಿತು. ಮೂರು ತಿಂಗಳು ಅವಳ ಧ್ವನಿಯನ್ನು ಯಾರದೋ ಧ್ವನಿ ಮಾಡಿದ್ದು ಈ ಕೊಳೆ. ನೂಲಿನ ಕಂಬಳಿ ಮಾತಿನ ಮೂಗು ಬಾಯಿ ತೇಯ್ದು, ಯಾರು ಬೇಕಾದರೂ ಆಗಬಹುದಾದ ಒಂದು "ಆಯ್ತು" ಮಾಡಿ ಮೇಲಕ್ಕೆ ಕಳಿಸುತ್ತಿತ್ತು. ಇದನ್ನೂ ತೊಳೆದುಬಿಟ್ಟರೆ ಇವತ್ತು ಮೂರು ಗಂಟೆಗೆ ಅವಳ ಧ್ವನಿ ಅವಳ ಧ್ವನಿಯಾಗಿಯೇ ಅಜ್ಜಿಯ ಕಿವಿಗೆ ಬೀಳುತ್ತದೆ. ಸುಮ್ಮನಿದ್ದರೆ ಮಗಳು ಹೋದಳೆಂದು ಪೆಟ್ಟಿಗೆ ಇಳಿಯುತ್ತದೆ; ಉತ್ತರ ಕೊಟ್ಟರೆ ಮೋಸವಾಯಿತೆಂದು ಇಳಿಯುತ್ತದೆ.

"ಸಾಕಾಯ್ತಾ?" ಗಂಡ ಮೆಟ್ಟಿಲ ಮೇಲೆ ಬಂದು ನಿಂತಿದ್ದ. "ಉಳಿದಿದ್ದು ಮುಂದಿನ ವಾರ ಮಾಡಿದ್ರಾಯ್ತು. ಯಾರು ನೋಡ್ತಾರೆ ಒಳಗೆ?"

ಹದಿನಾಲ್ಕು ವರ್ಷದಲ್ಲಿ ಎಷ್ಟು ಜನ ಹೊಸ ಕೆಲಸದವರು ಅವಳಿಗೆ ಇದೇ ಮಾತು ಹೇಳಿದ್ದರು, ಎಷ್ಟು ಜನರ ಮೇಲೆ ಅವಳು ಹರಿಹಾಯ್ದಿದ್ದಳು. ಈಗ ಮಾತ್ರ ಹೂಂ ಎನ್ನಬೇಕೆನ್ನಿಸಿತು. ಬಕೆಟ್ಟಿನ ನೀರು ಕರ್‍ರಗೆ ಇತ್ತು. ಬೀದಿಬಾಗಿಲ ಹೊರಗಿನಿಂದ ಕೆಮ್ಮು ಕೇಳಿಸಿತು. ಒಂದು, ಎರಡು, ಆಮೇಲೆ ಎಣಿಸಲಾಗದಷ್ಟು.

"ಬಿಸಿನೀರು ತನ್ನಿ," ಎಂದಳು.

ಮೂರಕ್ಕೆ ಹತ್ತು ನಿಮಿಷವಿರುವಾಗ ಎಲ್ಲ ಮುಗಿದಿತ್ತು. ಎರಡು ಬಾಗಿಲೂ ತೆರೆದು, ಕೆಳಗೆ ಟೇಬಲ್ ಫ್ಯಾನು ಇಟ್ಟು ಗಾಳಿ ಹಾಯಿಸಿ ಒಣಗಿಸಿದ್ದಳು. ಟಾರ್ಚು ಬಿಟ್ಟರೆ ಕೊಳವೆಯ ಆ ತುದಿಯವರೆಗೂ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು; ಅಜ್ಜಿಯ ಯಜಮಾನರು ಬೆಸುಗೆಯ ಪಕ್ಕ ಮೊಳೆಯಿಂದ ಗೀಚಿದ್ದ ತಾರೀಖೂ ಕಾಣಿಸಿತು. ಅಜ್ಜಿ ಮೆಟ್ಟಿಲು ಹತ್ತಿ ತಮ್ಮ ಕೋಣೆಗೆ ಹೋದರು. ಅವಳು ಸೀಳಿದ ಬುಟ್ಟಿಯ ಪಕ್ಕ ನಿಂತಳು.

"ಊಟ ಆಯ್ತಾ?"

ಪಕ್ಕದಲ್ಲೇ ನಿಂತು ಕೇಳಿದ ಹಾಗಿತ್ತು. ಅಜ್ಜಿಯ ಧ್ವನಿ, ಅದರಲ್ಲಿನ ಸಣ್ಣ ಬಿರುಕು, ಪ್ರಶ್ನೆಯ ಕೊನೆಯಲ್ಲಿ ಏರುವ ಉಸಿರು, ಎಲ್ಲ ಬೇರೆ ಬೇರೆಯಾಗಿ ಕೇಳಿಸಿದವು. ಅವಳು ಬುಟ್ಟಿಯ ಮೇಲಕ್ಕೆ ಬಾಗಿದಳು. ಆಮೇಲೆ, ಇದ್ದಂತೆಯೇ ಇದ್ದ ತನ್ನ ಧ್ವನಿಯಲ್ಲಿ ಹೇಳಿದಳು:

"ಆಯ್ತಮ್ಮ."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮೇಲಿನಿಂದ: "ಉಪ್ಪು ಜಾಸ್ತಿ ಆಗಿತ್ತು ಕಣೇ ಆಸ್ಪತ್ರೆ."

ಅವಳು ಮೇಲೆ ಹೋಗಿ ಹೊಸ್ತಿಲಲ್ಲೇ ನಿಂತಳು. ಅಜ್ಜಿ ಸ್ಟೂಲಿನಿಂದ ಎದ್ದಿರಲಿಲ್ಲ.

"ತಪ್ಪಾಯ್ತಮ್ಮ. ಮೂರು ತಿಂಗಳಿಂದ ನಾನೇ..."

"ಗೊತ್ತು."

"ಯಾವಾಗಿಂದ?"

"ಮೊದಲ ದಿನದಿಂದ. ನನ್ನ ಮಗಳು ಹುಟ್ಟಿದ ಮೇಲೆ ಒಂದು ದಿನಾನೂ ಆಯ್ತು ಅಂದೋಳಲ್ಲ. ನೀನು ಅಷ್ಟು ಗಡಿಬಿಡೀಲಿ ಆಯ್ತು ಅಂದ್ರೆ ನಂಗೆ ತಿಳಿಯಲ್ವಾ? ಸಂತೇಲಿ ಬೆಲೆ ಕೂಗಿದ ಹಾಗೆ."

"ಮತ್ತೆ... ಪೆಟ್ಟಿಗೆ ಯಾಕೆ ಬಿಚ್ಚಿದ್ರಿ?"

ಅಜ್ಜಿ ಅವಳನ್ನು ನೋಡಿದರು. ಅಂಗಡಿಯಲ್ಲಿ ಅಕ್ಷರ ಓದಲಾಗದವರನ್ನು ಅಳಿಯ ನೋಡುವ ಹಾಗೆ, ಸ್ವಲ್ಪ ಕನಿಕರದಿಂದ.

"ನಿನ್ನ ಉತ್ತರಕ್ಕಲ್ಲ ಕಣೇ. ನೀನು ಆಯ್ತು ಅಂದು, ಬಾಗಿಲು ಮುಚ್ಚಿ ಹೋದ ಮೇಲೆ ಇನ್ನೊಂದು ಬರ್ತಿತ್ತಲ್ಲ, ಅದಕ್ಕೆ. ಅವಳದ್ದು ಯಾವಾಗ್ಲೂ ಲೇಟು. ದಿನಾ ಅಲ್ಲ. ವಾರಕ್ಕೆ ಒಂದೋ ಎರಡೋ. ಅದ್ಕೇ ದಿನಾ ಕೇಳ್ತಿದ್ದೆ."

ಹೊಸ ಹೆಂಡತಿ ಹೊಸ್ತಿಲು ದಾಟಿ ಒಳಗೆ ಬಂದಳು. ಕಿರ್ ಎನ್ನುತ್ತಿದ್ದ ಬೆತ್ತದ ನೆನಪಾಯಿತು. ಬೆಳಗ್ಗೆ ಹಗ್ಗ ಸಡಿಲ ಬಿಟ್ಟದ್ದೂ.

"ಇವತ್ತು ಬಂತಾ?" ಎಂದಳು.

"ಇಲ್ಲ. ಎಲ್ಲಾ ಚೆನ್ನಾಗಿ ತೊಳೆದಿದೀಯ." ಅದರಲ್ಲಿ ಕೊಂಕಿತ್ತೋ ಇಲ್ಲವೋ ತಿಳಿಯಲಿಲ್ಲ. "ನಾಳೆ ಒಂದು ಸಲ ಕೇಳ್ತೀನಿ. ನೀನು ಕೆಳಗೆ ಹೋಗ್ಬೇಡ, ಇಲ್ಲೇ ನಿಲ್ಲು. ಅವನೂ ಅಂಗಡಿ ಮುಚ್ಚಿ ಬರಲಿ. ಇಬ್ಬರೂ ನನ್ನ ಕಣ್ಣೆದುರಿಗಿರಬೇಕು. ಬರ್ಲಿಲ್ಲ ಅಂದ್ರೆ ಅವಳಿಲ್ಲ ಅಂತ. ಅವಳಿಲ್ಲದ ಮನೇಲಿ ನಂಗೇನು ಕೆಲಸ?"

ಮರುದಿನ ಮೂರು ಗಂಟೆಗೆ ಮೇಲಿನ ಕೋಣೆಯಲ್ಲಿ ಮೂವರೂ ಇದ್ದರು. ಅಳಿಯ ಕಿಟಕಿಗೆ ಒರಗಿ, ಒರೆಸಲು ಏನೂ ಇಲ್ಲದ ಕೈಗಳನ್ನು ಕಟ್ಟಿಕೊಂಡು ನಿಂತಿದ್ದ. ಪೆಟ್ಟಿಗೆ ಕಪಾಟಿನ ನೆತ್ತಿಯಿಂದ ಇಳಿದು ಮಂಚದ ಮೇಲೆ ಬಾಯಿ ತೆರೆದುಕೊಂಡಿತ್ತು. ಒಗೆಯುವ ಕೋಣೆಯ ಬಾಗಿಲಿಗೆ ಅಜ್ಜಿಯೇ ಬೀಗ ಹಾಕಿಸಿದ್ದರು. ಬೀಗದಕೈ ಅವರ ಮುಷ್ಟಿಯಲ್ಲಿತ್ತು. ಇಡೀ ರಾತ್ರಿ ಕೆಮ್ಮು ಎರಡೇ ಸಲ ಬಂದಿತ್ತು ಎನ್ನುವುದನ್ನು ಹೊಸ ಹೆಂಡತಿ ಗಮನಿಸಿದ್ದಳು, ಹೇಳುವ ಧೈರ್ಯವಾಗಲಿಲ್ಲ.

ಅಜ್ಜಿ ಬಾಗಿಲು ತೆರೆದರು. ತೊಳೆದ ತಗಡಿನ, ಏನೂ ಇಲ್ಲದ ವಾಸನೆ ಬಂತು.

"ಊಟ ಆಯ್ತಾ?"

ಮಾತು ಮೂರು ಅಂತಸ್ತು ಇಳಿದು ಹೋದದ್ದು ಸ್ಪಷ್ಟವಾಗಿ ಕೇಳಿಸಿತು. ಹೊಸ ಹೆಂಡತಿ ಮನಸ್ಸಿನಲ್ಲೇ ಹತ್ತು ಎಣಿಸಿದಳು. ಇಪ್ಪತ್ತು. ಮೂವತ್ತು. ಬಾಯಿಯ ತುದಿಯಲ್ಲಿ ನಿಂತ "ಆಯ್ತು" ಎಂಬುದನ್ನು ಹಲ್ಲು ಕಚ್ಚಿ ತಡೆದಳು. ಆ ನಿಮಿಷ ಅವಳಿಗೆ ತೀರಿಹೋದವಳ ಮೇಲೆ, ಹೆದರಿಕೆಗಿಂತ ಹೆಚ್ಚಾಗಿ, ಸಿಟ್ಟು ಬಂತು: ಅಷ್ಟು ದಿನ ಬಂದವಳಿಗೆ ಇವತ್ತೊಂದು ದಿನ ಬರಲು ಏನಾಗಿತ್ತು? ಅರವತ್ತು. ಬೀದಿಯಲ್ಲಿ ಸೈಕಲ್ ಒಂದು ಹಾದುಹೋಯಿತು. ನೂರು.

ಅಜ್ಜಿ ಬಾಗಿಲು ಮುಚ್ಚಿದರು. ಚಿಲಕ ಹಾಕಿದರು. ಸ್ಟೂಲಿನ ಮೇಲೆ ಹಾಗೇ ಕೂತು ಪೆಟ್ಟಿಗೆಯನ್ನು ನೋಡಿದರು, ಅಳಿಯನನ್ನು ನೋಡಿದರು, ಕೊನೆಗೆ ಅವಳನ್ನು.

"ನಿಂದು ಆಯ್ತಾ?"

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಏನಮ್ಮ?"

"ಊಟ ಕಣೇ. ಕಿವಿಯಲ್ಲೂ ನೂಲು ತುಂಬ್ಕೊಂಡಿದೆಯಾ? ಊಟ ಆಯ್ತಾ ಅಂದೆ."

"ಇಲ್ಲಮ್ಮ." ಎಂದಳು ಅವಳು. "ಬೆಳಗ್ಗೆಯಿಂದ ಏನೂ ಸೇರಲಿಲ್ಲ. ನಿನ್ನೇನೂ ಆಗಿರಲಿಲ್ಲ. ಎಷ್ಟೋ ದಿನ ಆಗಿರಲಿಲ್ಲ, ಆಯ್ತು ಅಂತಿದ್ದೆ ಅಷ್ಟೇ."

"ಇವಳೂ ಹಾಗೇ," ಎಂದರು ಅಜ್ಜಿ, ಯಾರಿಗೆ ಎಂದು ಗೊತ್ತಾಗದ ಹಾಗೆ. ಮೊಣಕಾಲು ಒತ್ತಿಕೊಂಡು ಎದ್ದರು. "ಏನಪ್ಪಾ, ನಿಂತ್ಕೊಂಡು ಏನ್ ನೋಡ್ತೀಯ, ಆ ಪೆಟ್ಟಿಗೆ ಮೇಲಿಡು. ಮಂಚದ ಮೇಲೆ ಇಟ್ರೆ ನಾನು ಎಲ್ಲಿ ಮಲಗಲಿ? ನಡಿಯೇ ಹುಡುಗಿ. ಒಬ್ಬಳೇ ಕೂತು ತಿಂದ್ರೆ ಅದು ಊಟ ಅಲ್ಲ."

ಅಳಿಯ ಪೆಟ್ಟಿಗೆಯ ಬಾಯಿ ಮುಚ್ಚಿದ. ಅದನ್ನು ಎತ್ತಿ ಇಡುವ ಮೊದಲು ಅವನು ಒಂದು ಕ್ಷಣ ಎದೆಗೆ ಒತ್ತಿ ಹಿಡಿದುಕೊಂಡದ್ದನ್ನು ಯಾರೂ ನೋಡಲಿಲ್ಲ.

ಹೆಂಗಸರಿಬ್ಬರೂ ಮೆಟ್ಟಿಲಿಳಿದರು. ಅಜ್ಜಿಯ ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಅವಳ ಭುಜದ ಮೇಲೆ. ನಡು ಅಂತಸ್ತಿನಲ್ಲಿ, ಗಂಟಲಿನ ಪುಟ್ಟ ಬಾಗಿಲಿನ ಮುಂದೆ ಅವರು ಹಾದುಹೋಗುತ್ತಿದ್ದಾಗ, ಮುಚ್ಚಿದ ಬಾಗಿಲಿನ ಹಿಂದಿನಿಂದ, ಹೊಳೆಯುವ ತಗಡಿನಷ್ಟೇ ಸ್ಪಷ್ಟವಾಗಿ, ಅವಸರವಿಲ್ಲದೆ,

"ಹೂಂ."

ಭುಜದ ಮೇಲಿನ ಕೈ ಬಿಗಿಯಾಯಿತು. ಹೊಸ ಹೆಂಡತಿ ಕಾಲಿಡಬೇಕಾದ ಮೆಟ್ಟಿಲನ್ನೇ ನೋಡುತ್ತ ನಿಂತಳು. ತಿರುಗಿ ಮೇಲೆ ಹತ್ತಲು ಹದಿನೈದು ಮೆಟ್ಟಿಲು ಸಾಕಿತ್ತು. ಇನ್ನೊಂದು ಸಲ ಕೇಳಲು ಒಂದು ಮಾತು ಸಾಕಿತ್ತು.

"ಏನಾದ್ರೂ ಕೇಳಿಸ್ತಾ?" ಎಂದರು ಅಜ್ಜಿ.

"ತಗಡು ಅಮ್ಮ," ಎಂದಳು ಅವಳು. "ಆರುವಾಗ ಸದ್ದು ಮಾಡತ್ತೆ. ನಿಮಗೆ?"

ಅಜ್ಜಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿದ್ದರು.

"ನಂಗೇನು ಕೇಳಿಸತ್ತೆ ಈ ವಯಸ್ಸಲ್ಲಿ," ಎಂದರು. ಭುಜದ ಮೇಲಿನ ಕೈ ತೆಗೆಯಲಿಲ್ಲ. "ಉಪ್ಪು ನಾನೇ ಹಾಕ್ತೀನಿ, ನೀನು ಮುಟ್ಟಬೇಡ. ಇಳಿ, ಇಳಿ."